ಕೋಡಿ ಬೀಳುವವರೆಗೆ ಕಾಯಬೇಕೆ?



ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ಮೇಲೆ, 2022ರಲ್ಲಿ. ಆಗ ಜನ ತಂಡೋಪತಂಡವಾಗಿ ನೋಡಲು ಹೋದರು. ಆದರೆ ಕೋಡಿ ಬೀಳದ ಆ ಇಷ್ಟೂ ವರ್ಷಗಳಲ್ಲಿ ಹಿರಿಯೂರಿನ ತೋಟಗಳಿಗೆ ನೀರುಣಿಸಿದ್ದು ಅದೇ ಜಲಾಶಯವಲ್ಲವೇ?

ನಮ್ಮ ಮನಸ್ಸೂ ಕೋಡಿ ಬೀಳುವ ದಿನಕ್ಕೇ ಕಾಯುತ್ತದೆ. ಸಾಲ ತೀರಲಿ, ಮಗಳ ಮದುವೆಯಾಗಲಿ, ಆಮೇಲೆ ದೇವರಿಗೆ ಸ್ತೋತ್ರ ಸಲ್ಲಿಸೋಣ ಎನ್ನುತ್ತೇವೆ. ಅಷ್ಟರಲ್ಲಿ ಗೊಣಗುವುದೇ ಅಭ್ಯಾಸವಾಗಿ, ಮಕ್ಕಳೂ ಅದನ್ನೇ ಕಲಿಯುತ್ತಾರೆ. ಯೇಸುಸ್ವಾಮಿ ಹತ್ತು ಮಂದಿ ಕುಷ್ಠರೋಗಿಗಳನ್ನು ಗುಣಪಡಿಸಿದರು (ಲೂಕ 17:11-19). ಹತ್ತು ಮಂದಿಗೂ ಆರೋಗ್ಯ ಸಿಕ್ಕಿತು; ಹಿಂದಿರುಗಿ ಬಂದು ಸ್ವಾಮಿಯ ಪಾದಕ್ಕೆರಗಿದವನು ಒಬ್ಬನೇ, ಅವನೂ ಸಮಾರಿಯದವನು.

ಹಿರೇಗುಂಟನೂರಿನ ಕಡೆ ಮಳೆಯನ್ನೇ ನಂಬಿ ಬಿತ್ತುವ ಮನೆಗಳಿಗೆ ಈ ಮಾತು ಸುಲಭವಲ್ಲ. ಪೈರು ಒಣಗಿ ನಿಂತಾಗ ಕೃತಜ್ಞರಾಗಿರಿ ಎಂದು ಉಪದೇಶಿಸುವುದು ಗಾಯಕ್ಕೆ ಉಪ್ಪು ಸವರಿದಂತೆ. ಕೃತಜ್ಞತೆ ಎಂದರೆ ನೋವನ್ನು ಮುಚ್ಚಿಡುವುದಲ್ಲ. ಕೀರ್ತನೆಗಳಲ್ಲಿ ಗೋಳಾಟವೂ ಇದೆ, ಸ್ತುತಿಯೂ ಇದೆ, ಎರಡೂ ಪ್ರಾರ್ಥನೆಯೇ. ಸಂತ ಪೌಲರು ಸೆರೆಯಲ್ಲಿದ್ದುಕೊಂಡೇ ಫಿಲಿಪ್ಪಿಯವರಿಗೆ ಬರೆದ ಪತ್ರವನ್ನು ದೇವರಿಗೆ ವಂದನೆ ಹೇಳಿ ಆರಂಭಿಸಿದರು. ತಾವು ಸೆರೆಯಲ್ಲಿರುವುದನ್ನು ಮಾತ್ರ ಅವರು ಮರೆಮಾಚಲಿಲ್ಲ.

ಹಾಗಾದರೆ ಮನಸ್ಸನ್ನು ತಿದ್ದುವುದು ಹೇಗೆ? ಲೊಯೋಲದ ಸಂತ ಇಗ್ನೇಷಿಯಸರು ಕಲಿಸಿದ ಆತ್ಮಪರಿಶೋಧನೆಯಲ್ಲಿ ಮೊದಲ ಹೆಜ್ಜೆ ಪಾಪಗಳ ಲೆಕ್ಕವಲ್ಲ; ಪಡೆದ ಉಪಕಾರಗಳಿಗೆ ವಂದನೆ. ಇಂದು ರಾತ್ರಿ ಜಪಸರ ಮುಗಿದ ಮೇಲೆ ಮನೆಯವರೆಲ್ಲ ಒಂದೊಂದು ಉಪಕಾರವನ್ನು ಹೆಸರಿಸಿ ಹೇಳಿ. "ಎಲ್ಲಾ ಒಳ್ಳೆಯದಾಯಿತು" ಎಂದರೆ ಸಾಲದು. "ಅಮ್ಮ ನಸುಕಿನಲ್ಲೇ ಎದ್ದು ನಲ್ಲಿಯಲ್ಲಿ ನೀರು ಹಿಡಿದಿಟ್ಟಳು" ಎನ್ನಿ. ಆ ಮಾತನ್ನು ಅಮ್ಮನ ಎದುರಿಗೇ ಹೇಳಿ. ಬಹಳ ಮನೆಗಳಲ್ಲಿ ಅವಳು ಕಾಯುತ್ತಿರುವುದು ಅದೊಂದು ಮಾತಿಗಾಗಿಯೇ.

ಇಷ್ಟಾದರೂ ವಾರಗಟ್ಟಲೆ ನಿದ್ದೆ ಬಾರದೆ, ಬದುಕೇ ಬೇಡವೆನಿಸಿದರೆ ಅದನ್ನು ವಿಶ್ವಾಸದ ಕೊರತೆ ಎಂದು ತಿಳಿಯಬೇಡಿ. ಮನೆಯವರಿಗೆ ಹೇಳಿಕೊಳ್ಳಿ, ಗುರುಗಳಿಗೆ ಹೇಳಿಕೊಳ್ಳಿ. ತಡಮಾಡದೆ ವೈದ್ಯರನ್ನು ಕಾಣಿ. ಅವರ ಆರೈಕೆಯೂ ದೇವರ ಉಪಕಾರವೇ.

ಪರಮಪ್ರಸಾದ ಸಂಸ್ಕಾರಕ್ಕಿರುವ ಯೂಕರಿಸ್ತ್ ಎಂಬ ಗ್ರೀಕ್ ಮೂಲದ ಹೆಸರಿನ ಅರ್ಥವೇ ಕೃತಜ್ಞತೆ ಸಲ್ಲಿಸುವುದು. ಭಾನುವಾರ ಬಲಿಪೂಜೆಯಲ್ಲಿ ನಾವು ಹೇಳುವ ಆ ವಂದನೆ ಸೋಮವಾರ ನಮ್ಮ ಅಡುಗೆಮನೆಯಲ್ಲೂ, ಹೊಲದ ಬದುವಿನಲ್ಲೂ ಕೇಳಿಸಲಿ.