ಹೊಳೆಯೋ ಬಟ್ಟೆ, ನಾಚಿಕೆ ಯಾರದು?

ಜರಿ ಅಂದರೆ ನಮ್ಮ ಕೇರಿಗೆ ಮದುವೆ ಸೀರೆಯ ಅಂಚು. ಅಮೆರಿಕದವರು 1940-50ರ ದಶಕಗಳಲ್ಲಿ ಅಂಥ ಎಳೆಯನ್ನು ಈಜುಡುಗೆಗೇ ನೇಯ್ದರು. ಹಳೆಯ ಲೋಹದ ಎಳೆ ಕಪ್ಪಾಗುತ್ತಿತ್ತು. 1946ರಲ್ಲಿ ಬಂದ ಲ್ಯೂರೆಕ್ಸ್ ಕಪ್ಪಾಗಲಿಲ್ಲ. ಅದು ಪ್ಲಾಸ್ಟಿಕ್ ಹಾಳೆಗಳ ನಡುವೆ ಅಲ್ಯೂಮಿನಿಯಂ ಇಟ್ಟು ಸೀಳಿದ ಎಳೆ. ಬಂಗಾರವೂ ಇಲ್ಲ, ಬೆಳ್ಳಿಯೂ ಇಲ್ಲ. ಬಣ್ಣ ಅಷ್ಟೆ.

1952ರ 'ಮಿಲಿಯನ್ ಡಾಲರ್ ಮರ್ಮೇಡ್' ಚಿತ್ರಕ್ಕಾಗಿ ಈಜುಗಾರ್ತಿ ಎಸ್ತರ್ ವಿಲಿಯಮ್ಸ್ ಮೈತುಂಬ ಬಂಗಾರದ ಬಣ್ಣ ತೊಟ್ಟು, ತಲೆಗೆ ಲೋಹದ ಕಿರೀಟ ಇಟ್ಟು ಎತ್ತರದಿಂದ ಧುಮುಕಿದರು. ಕಿರೀಟದ ಪೆಟ್ಟಿಗೆ ಕತ್ತಿನ ಮೂಳೆ ಮುರಿಯಿತು. ಆರು ತಿಂಗಳು ಪ್ಲಾಸ್ಟರಿನಲ್ಲಿ. ತೆರೆಯ ಮೇಲೆ ಮಂದಿ ಕಂಡದ್ದು ಹೊಳಪು ಮಾತ್ರ. ಅದು ಕೂಲಿ ಎಂದು ಯಾರಿಗೂ ಹೊಳೆಯಲಿಲ್ಲ.

ನಮ್ಮ ಕೆಲ ಗೆಳೆಯರು ಇದೆಲ್ಲ ರೊಕ್ಕಸ್ಥರ ತಿಕ್ಕಲು ಅಂತಾರೆ. ಕಟ್ಟೆಯ ಮೇಲೆ ಕೂತ ಹಿರಿಯರು ಸಂಸ್ಕೃತಿ ಕೆಟ್ಟಿತು ಅಂತಾರೆ. ಎರಡೂ ಮಾತಿನಲ್ಲಿ ಹೆಣ್ಣಿನ ಮೈಗೆ ಯಜಮಾನ ಬೇರೆ ಯಾರೋ ಇದ್ದಾನೆ. 1965ರ 'ಮಿಸ್ ಲೀಲಾವತಿ'ಯಲ್ಲಿ ಜಯಂತಿ ಈಜುಡುಗೆ ತೊಟ್ಟರು. ಎಷ್ಟೋ ದೊಡ್ಡ ಪಾತ್ರ ಮಾಡಿದ ಆ ಕಲಾವಿದೆಯನ್ನು ಇವತ್ತಿಗೂ ಆ ಬಟ್ಟೆಯಿಂದ ಗುರುತಿಸುವವರಿದ್ದಾರೆ.

ಸರಿ, ನಾಚಿಕೆ ಬಟ್ಟೆಯ ಅಳತೆಯಲ್ಲಿ ಇದೆ ಅನ್ನೋಣ. ಹಾಗಾದರೆ ನಮ್ಮ ನೆರೆಯ ಚಂದ್ರಗುತ್ತಿಗೆ ಏನು ಹೇಳೂದು? ಹಾವೇರಿ ಸೀಮೆಗೂ ಹರಿದು ಬರುವ ಅದೇ ವರದಾ ಹೊಳೆಯಲ್ಲಿ ಮಿಂದು, ಹೆಂಗಸರು ಬತ್ತಲೆಯಾಗಿ ರೇಣುಕಾಂಬೆಯ ಗುಡಿಗೆ ನಡೆಯುತ್ತಿದ್ದರು. ಹೆಚ್ಚಿನವರು ನಮ್ಮವರೇ. ಅದಕ್ಕೆ ಸೇವೆ ಅಂದರು, ಕೈ ಮುಗಿದರು. 1986ರ ಮಾರ್ಚಿನಲ್ಲಿ ಬೇಡವೆನ್ನಲು ಹೋದ ದಲಿತ ಸಂಘರ್ಷ ಸಮಿತಿಯವರ ಮೇಲೆ ಗುಂಪು ಬಿತ್ತು; ಪೊಲೀಸರ ಬಟ್ಟೆಯನ್ನೂ ಕಿತ್ತರು. ಆಮೇಲೆ ಸರಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು.

ಈಜುಡುಗೆಗೆ ಕಣ್ಣು ಮುಚ್ಚುವ ನೀತಿ ಹೊಳೆಯ ದಂಡೆಯಲ್ಲಿ ಯಾಕೆ ಕಣ್ಣು ತೆರೆದುಕೊಂಡೇ ನಿಂತಿತ್ತು? ನಾವು ಅಳತೆ ಕೇಳೂದಿಲ್ಲ. ಆಕಿ 'ಒಲ್ಲೆ' ಅಂದಿದ್ದರೆ ನಡೀತಿತ್ತೇನು? ಕಂಪನಿಯ ಕರಾರಿನ ಮುಂದೆ, ದೇವಿಯ ಹರಕೆಯ ಮುಂದೆ, ಇದೊಂದೇ ಪ್ರಶ್ನೆ. ಹಾಗೇ 'ನನಗ ಬೇಕು' ಅಂದರೂ ನಡೀಬೇಕು. ಹೊಳಪಿನ ಆಸೆಯನ್ನು ಪಾಪ ಅನ್ನಲಾರೆವು.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರು ಘಾಟಿಗೆ ಮೂಗು-ಬಾಯಿ ಕಟ್ಟಿಕೊಂಡು ಕೂರುತ್ತಾರೆ. ಪಗಾರ ಬಂದ ದಿನ ರಾಣೆಬೆನ್ನೂರಿನ ಅಂಗಡಿಯಲ್ಲಿ ಅಂಚು ಹಿಡಿದು ನೋಡುತ್ತಾರೆ. ಈಗಿನ ಅಗ್ಗದ ಜರಿಯೂ ಲೋಹ ಲೇಪಿಸಿದ ಪ್ಲಾಸ್ಟಿಕ್ಕೇ, ಲ್ಯೂರೆಕ್ಸಿನ ತಂಗಿ. "ಮಿಂಚತೈತ್ರಿ, ಇದ ಕೊಡ್ರಿ" ಅಂತಾರೆ.