ಸಿಸ್ಟಮ್ ತಗೊಳ್ತಿಲ್ಲಮ್ಮ

ಶನಿವಾರ ಸಂಜೆ ಫ್ರೀಯಾಗಿ ಪ್ರೋಗ್ರಾಮಿಂಗ್ ಹೇಳಿಕೊಡ್ತೀವಿ, ಯಾವ ವಯಸ್ಸಿನವರಾದರೂ ಬನ್ನಿ ಅಂತ ಬಡಾವಣೆಯಲ್ಲಿ ಚೀಟಿ ಅಂಟಿಸಿದರೆ ಜನ ಕೇಳುವ ಮೊದಲ ಪ್ರಶ್ನೆ, "ಕಲಿತರೆ ಕೆಲಸ ಸಿಗುತ್ತಾ?" ಎರಡನೆಯದು ಸ್ವಲ್ಪ ಅನುಮಾನದ್ದು: "ಫ್ರೀ ಯಾಕೆ?"

ಎರಡನೆಯದಕ್ಕೆ ಏನಾದರೂ ಹೇಳಿ ಪಾರಾಗಬಹುದು. ಮೊದಲನೆಯದಕ್ಕೆ "ಸಿಗುತ್ತೆ" ಅಂದರೆ ಸುಳ್ಳು. ವಾರಕ್ಕೆ ಎರಡು ಗಂಟೆಯಂತೆ ಮೂರು ತಿಂಗಳು ಪೈಥಾನ್ ಕಲಿತವರನ್ನು ಕರೆದು ಕೆಲಸ ಕೊಡೋ ಕಂಪನಿಯನ್ನ ನಾನಂತೂ ನೋಡಿಲ್ಲ. ಇಂಜಿನಿಯರಿಂಗ್ ಮುಗಿಸಿದವರೇ ರೆಸ್ಯೂಮೆ ಹಿಡಿದು ಕಾಯ್ತಾ ಇದ್ದಾರೆ. "ಸಿಗಲ್ಲ" ಅಂದರೆ ಅರ್ಧ ಜನ ಎದ್ದು ಹೋಗ್ತಾರೆ. ಹೋದರೆ ತಪ್ಪೇನು? ಗಾರ್ಮೆಂಟ್ಸ್‌ಗೆ ಹೋಗುವ ಹುಡುಗಿಗೆ ಆ ಎರಡು ಗಂಟೆ ಅಂದರೆ ಓಟಿ ದುಡ್ಡು. ನನಗೆ ಅದೇ ಎರಡು ಗಂಟೆ ಅಂದರೆ ಬಹುಶಃ ಓಟಿಟಿ.

ನನ್ನನ್ನು ಕಾಡುವ ಪ್ರಶ್ನೆ ಇಲ್ಲೇ ಇದೆ. ಸ್ವಯಂಸೇವಕರು ಅಂದಕೂಡಲೇ ಕೊಡುವವರು ನಾವು, ತಗೊಳ್ಳುವವರು ಅವರು ಅನ್ನೋ ಭಾವನೆ ತಾನಾಗೇ ಬಂದುಬಿಡುತ್ತೆ. ಲೆಕ್ಕ ಹಾಕಿದರೆ ಆ ಕೋಣೆಯಲ್ಲಿ ಹೆಚ್ಚು ದುಬಾರಿ ಸಮಯ ಕೊಡ್ತಿರೋದು ಕಲಿಯುವವರು. ಕೆಲಸದ ಆಸೆ ತೋರಿಸದೇ ಆ ಸಮಯವನ್ನು ಯಾವ ನ್ಯಾಯದ ಮೇಲೆ ಕೇಳೋದು?

ಈ ಕೆಲಸವನ್ನು ನಮಗಿಂತ ಚೆನ್ನಾಗಿ ಮಾಡಿದವರು ಬೇಕಾದಷ್ಟಿದ್ದಾರೆ. 2011ರಲ್ಲಿ ಐರ್ಲೆಂಡಿನ ಕಾರ್ಕ್ ಊರಲ್ಲಿ ಶುರುವಾದ ಕೋಡರ್‌ಡೋಜೋ ಮಕ್ಕಳಿಗಾಗಿ ಫ್ರೀ ಕ್ಲಬ್‌ಗಳನ್ನು ಕಟ್ಟಿತು. 2014ರಲ್ಲಿ ಬರ್ಲಿನ್‌ನಲ್ಲಿ ಶುರುವಾದ ಜ್ಯಾಂಗೋ ಗರ್ಲ್ಸ್ ಹೆಂಗಸರಿಗಾಗಿ. ನಮ್ಮ ಬೆಂಗಳೂರಲ್ಲೇ ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕದವರು ಸುದರ್ಶನ ಲೇಔಟ್‌ನ ಸ್ಲಂನಲ್ಲಿ ಅಂಬೇಡ್ಕರ್ ಹೆಸರಿನ ಕಂಪ್ಯೂಟರ್ ಕೇಂದ್ರ ನಡೆಸಿದರು. ಇನ್ನು ವಯಸ್ಸಿನ ಮಾತು ಬಂದರೆ ಎಲ್ಲರೂ ಹೇಳೋದು ಜಪಾನಿನ ಮಸಾಕೊ ವಾಕಾಮಿಯಾ ಕಥೆ. ಬ್ಯಾಂಕಿನಿಂದ ನಿವೃತ್ತರಾದ ಈ ಅಜ್ಜಿ 2017ರಲ್ಲಿ, 81ನೇ ವಯಸ್ಸಿನಲ್ಲಿ, ಐಫೋನಿಗೆ 'ಹಿನದಾನ್' ಅನ್ನೋ ಆಟ ಮಾಡಿದರು. ನಾವು ದಸರಾಕ್ಕೆ ಗೊಂಬೆ ಕೂರಿಸೋ ಹಾಗೆ ಅವರಲ್ಲೂ ಮಾರ್ಚ್‌ನಲ್ಲಿ ಮೆಟ್ಟಿಲ ಮೇಲೆ ಗೊಂಬೆ ಕೂರಿಸ್ತಾರೆ. ಯಾವ ಗೊಂಬೆಗೆ ಯಾವ ಜಾಗ ಅಂತ ಗೊತ್ತಿದ್ದವರು ಗೆಲ್ಲುವ ಆಟ ಅದು. ಅಂದರೆ ಅಜ್ಜಿಯರೇ ಗೆಲ್ಲುವ ಆಟ! ನನಗೆ ಬಹಳ ಇಷ್ಟದ ಕಥೆ. ಆದರೆ ಬಾಡಿಗೆ ಮನೆಯಲ್ಲಿರುವ, ಮೊಮ್ಮಕ್ಕಳನ್ನು ನೋಡಿಕೊಳ್ಳುವ ಅರವತ್ತರ ಹೆಂಗಸಿಗೆ ಅದನ್ನು ಹೇಳಿ "ನೀವೂ ಮಾಡಬಹುದು" ಅನ್ನೋಕೆ ಬಾಯಿ ಬರಲ್ಲ.

ಅಂಥ ಒಬ್ಬರು ನಮ್ಮಲ್ಲಿಗೆ ಬರ್ತಾರೆ. ಅವರ ವಿಧವಾ ವೇತನ ನಿಂತಿತ್ತು. ಒಂದು ದಾಖಲೆಯಲ್ಲಿ ಇನಿಶಿಯಲ್ ಹೆಸರಿನ ಮುಂದೆ, ಇನ್ನೊಂದರಲ್ಲಿ ಹಿಂದೆ. ಕೌಂಟರಿನಲ್ಲಿ ಪ್ರತಿ ಸಲ ಅದೇ ಮಾತು, "ಸಿಸ್ಟಮ್ ತಗೊಳ್ತಿಲ್ಲಮ್ಮ." ಮಳೆ ಬಂದರೆ ಶನಿದೇವರು ಮುನಿದರೆ ಏನು ಮಾಡೋಕಾಗುತ್ತೆ ಅನ್ನೋ ಧಾಟಿಯಲ್ಲೇ ಅವರು ಅದನ್ನು ನಮಗೂ ಹೇಳಿದ್ದರು.

ಅವತ್ತು 'ಇಫ್' ಪಾಠ. ಕನ್ನಡದಲ್ಲಿ ಅದಕ್ಕೊಂದು ಬೇರೆ ಪದವೇ ಬೇಡ, ಕ್ರಿಯಾಪದದ ಬಾಲದಲ್ಲೇ ಇರುತ್ತೆ: ಬಂದರೆ, ಕೊಟ್ಟರೆ, ಹೊಂದಿದರೆ. ಎರಡು ಹೆಸರು ಹೊಂದಿದರೆ 'ಸರಿ' ಅಂತ ತೋರಿಸು, ಇಲ್ಲದಿದ್ದರೆ 'ತಪ್ಪು'. ಅವರು ಒಂದೊಂದೇ ಅಕ್ಷರ ಹುಡುಕಿ ಟೈಪ್ ಮಾಡಿದರು. ಪಕ್ಕದ ಹುಡುಗ ಮೌಸಿಗೆ ಕೈ ಹಾಕಿದಾಗ "ಇರಪ್ಪಾ" ಅಂತ ತಳ್ಳಿದರು. ಹೆಸರಿನ ಜಾಗದಲ್ಲಿ ತಮ್ಮದೇ ಹೆಸರು, ಮೊದಲು ಇನಿಶಿಯಲ್ ಮುಂದೆ, ಆಮೇಲೆ ಹಿಂದೆ. ತಪ್ಪು ಅಂತ ಬಂತು. ಸ್ವಲ್ಪ ಹೊತ್ತು ನೋಡ್ತಾ ಕೂತಿದ್ದು, ಕೇಳಿದರು:

"ಅಲ್ಲಪ್ಪಾ, ಹಂಗಾದ್ರೆ ಯಾರೋ ಕೂತ್ಕೊಂಡು ಹಿಂಗೆ ಬರ್ದಿದಾರೆ ತಾನೇ?"

ಹೌದಮ್ಮ, ಬರೆದಿದ್ದಾರೆ. ನಾನೂ ವಾರದ ಐದು ದಿನ ಅದನ್ನೇ ಬರೆಯೋನು. ಯಾವುದೋ ಫಾರಂನಲ್ಲಿ ಯಾರು ಒಳಗೆ, ಯಾರು ಹೊರಗೆ ಅನ್ನೋದು ಒಂದು ಸಾಲಿನಲ್ಲಿ ತೀರ್ಮಾನ ಆಗುತ್ತೆ. ಹೊರಗೆ ಉಳಿದವರ ಮುಖ ನಮಗೆ ಯಾವತ್ತೂ ಕಾಣಲ್ಲ. ಈಗ ಎಐ ಕೋಡ್ ಬರೆಯೋ ಕಾಲ, ಅಜ್ಜಿಯರು ಕಲಿತು ಏನು ಮಾಡ್ತಾರೆ ಅಂತ ಗೆಳೆಯರು ನಗ್ತಾರೆ. ಯಂತ್ರವೇ ಬರೆದರೂ ಹೀಗೇ ಇರಲಿ ಅಂತ ಒಪ್ಪಿದವರು ಒಬ್ಬರು ಇದ್ದೇ ಇರ್ತಾರಲ್ಲ, ಅವರನ್ನು ಹುಡುಕಿ ಕೇಳಬಹುದು ಅಂತ ಗೊತ್ತಿರಬೇಕು. ಆ ಎರಡು ಗಂಟೆಗೆ ನಾವು ಪ್ರಾಮಾಣಿಕವಾಗಿ ಕೊಡಬಹುದಾದ್ದು ಇಷ್ಟೇ ಅಂತ ನನಗನಿಸುತ್ತೆ. ಅದು ಸಾಲುತ್ತಾ? ಓಟಿ ಬಿಟ್ಟು ಬರುವ ಹುಡುಗಿಗೆ ಸಾಲಲ್ಲ ಅಂತಲೇ ನನ್ನ ಅಭಿಪ್ರಾಯ. ಚೀಟಿಯಲ್ಲಿ ಈಗ ದಪ್ಪ ಅಕ್ಷರದಲ್ಲಿ ಬರೀತೀವಿ: ಇದರಿಂದ ಕೆಲಸ ಸಿಗುವುದಿಲ್ಲ. ಬರುವವರು ಕಮ್ಮಿಯಾಗಿದ್ದಾರೆ.

ನಮ್ಮ ತಂಡದಲ್ಲೇ ಒಬ್ಬಳು ಜಗಳ ತೆಗೆದಳು. ಪಿಂಚಣಿ ನಿಂತವರಿಗೆ ಪಾಠ ಮಾಡ್ತಾ ಕೂರೋ ಬದಲು ಅರ್ಜಿ ಬರೆದುಕೊಡ್ರೋ ಅಂತ. ಅವಳು ಹೇಳಿದ್ದು ಸರಿ. ಮುಂದಿನ ಶನಿವಾರ ಪಾಠ ಅರ್ಧಕ್ಕೆ ನಿಲ್ಲಿಸಿ ಅರ್ಜಿಗೆ ಕೂತ್ವಿ. ಒಕ್ಕಣೆ ನಮ್ಮದು, "ಮಾನ್ಯರೇ" ಇಂದ "ತಮ್ಮ ವಿಶ್ವಾಸಿ" ತನಕ. ನಡುವೆ ಒಂದು ಸಾಲು ಮಾತ್ರ ಅವರೇ ಹೇಳಿ ಬರೆಸಿದರು: ಇನಿಶಿಯಲ್ ಹಿಂದೆ ಮುಂದೆ ಆದರೂ ಹೆಸರು ಒಂದೇ ಎಂದು ನಿಮ್ಮ ಪ್ರೋಗ್ರಾಮಿನಲ್ಲಿ ಬರೆಸಬೇಕಾಗಿ ವಿನಂತಿ.

ಉತ್ತರ ಇನ್ನೂ ಬಂದಿಲ್ಲ. ಸ್ವೀಕೃತಿ ಚೀಟಿಯನ್ನು ನೋಟ್‌ಬುಕ್ಕಿನಲ್ಲಿ ಇಟ್ಟುಕೊಂಡೇ ಕ್ಲಾಸಿಗೆ ಬರ್ತಾರೆ.