ಆ 0.61 ಯಾರು ಹಾಕಿದ್ದು?

ರಜೆಗೆ ರಾವೂರಿಗೆ ಹೋದಾಗ ಮನೆಕಟ್ಟೆಯ ಮೇಲೆ ಕೂತು ‘ಆರ್’ ತಂತ್ರಾಂಶದಲ್ಲಿ ಇನ್ನೂರು ಯಾದೃಚ್ಛಿಕ ಸಂಖ್ಯೆಗಳನ್ನು ಹುಟ್ಟಿಸುತ್ತಿದ್ದೆ. 0, 1, 0, 0, 2, 0... ಕಾಕಾ ಪಕ್ಕಕ್ಕೆ ಬಂದು ಕೂತರು. ಪರ್ಸಿ ಕಲ್ಲಿನ ಖಣಿಯಲ್ಲಿ ಬಲಗೈಯ ಎರಡು ಬೆರಳು ಕಳೆದುಕೊಂಡವರು ಅವರು.

“ಇವೇನಪ್ಪ?”

“ಒಂದೊಂದ್ ವರ್ಷಕ್ಕ ಎಷ್ಟು ಅಪಘಾತ ಆಗಬಹುದು ಅಂತ ಕಂಪ್ಯೂಟರ್ ಹಾಕೋ ಲೆಕ್ಕ, ಕಾಕಾ.”

“ಇದ್ರಾಗ ನನ್ನ ಬೆರಳ ಯಾವ್ದು?”

ಉತ್ತರ ಹೊಳೆಯಲಿಲ್ಲ.

ನಾನು ಆಡಿಸುತ್ತಿದ್ದುದು ಹಳೆಯ ಉದಾಹರಣೆ. ಪ್ರಶ್ಯದ ಸೈನ್ಯದಲ್ಲಿ ಕುದುರೆ ಒದ್ದು ಸತ್ತವರ ಲೆಕ್ಕವನ್ನು ಬೊರ್ಟ್ಕೆವಿಚ್ 1898ರಲ್ಲಿ ಪ್ರಕಟಿಸಿದ. ಹತ್ತು ದಳ, ಇಪ್ಪತ್ತು ವರ್ಷ, ಒಟ್ಟು 122 ಸಾವು. ಅಂದರೆ ದಳವೊಂದಕ್ಕೆ ವರ್ಷಕ್ಕೆ ಸರಾಸರಿ 0.61. ಈ ಒಂದು ಸಂಖ್ಯೆಯನ್ನು ಪ್ವಾಸೊನ್ ಸೂತ್ರಕ್ಕೆ ಕೊಟ್ಟರೆ, ಇನ್ನೂರರಲ್ಲಿ ಸುಮಾರು 108.7 ದಾಖಲೆಗಳಲ್ಲಿ ಸಾವೇ ಇರಬಾರದು ಎನ್ನುತ್ತದೆ. ನಿಜದಲ್ಲಿ ಇದ್ದದ್ದು 109. ಮೊದಲ ಸಲ ಇದನ್ನು ಓದಿದಾಗ ಮೈ ಜುಮ್ಮೆಂದಿತ್ತು. ಸತ್ತವರ ಲೆಕ್ಕ ಓದಿ ಖುಷಿಪಟ್ಟೆನಲ್ಲ ಎಂಬ ನಾಚಿಕೆ ಹುಟ್ಟಿದ್ದು ಬಹಳ ತಡವಾಗಿ.

ಯಂತ್ರ ಮಾಡುವುದು ದೊಡ್ಡ ಮಾಯೆಯೇನಲ್ಲ. ಒಂದು ಸರಳ ವಿಧಾನ ಹೀಗಿದೆ: ಸೊನ್ನೆ–ಒಂದರ ನಡುವಿನ ಸಂಖ್ಯೆಗಳನ್ನು ಎತ್ತಿ ಒಂದಕ್ಕೊಂದು ಗುಣಿಸುತ್ತ ಹೋಗು, ಗುಣಲಬ್ಧ 0.543ಕ್ಕಿಂತ ಕೆಳಗಿಳಿದ ಕೂಡಲೇ ನಿಲ್ಲು. ಎತ್ತಿದ ಸಂಖ್ಯೆಗಳಲ್ಲಿ ಒಂದನ್ನು ಕಳೆ. ಆ 0.543 ಹುಟ್ಟುವುದು 0.61ರಿಂದ. ಬೀಜಸಂಖ್ಯೆ ಬದಲಿಸಿದರೆ ‘2’ ಬೇರೆ ಸಾಲಿಗೆ ಹಾರುತ್ತದೆ, ಸರಾಸರಿ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ.

ನಮ್ಮೂರಲ್ಲಿ ಖಣಿಯ ಅಪಘಾತಕ್ಕೆ ಹಣೆಬರಹ ಎನ್ನುತ್ತಾರೆ. ನಾನು ಯಾದೃಚ್ಛಿಕ ಎನ್ನುತ್ತೇನೆ. ಎರಡೂ ಮಾತು ಮಾಲಕನಿಗೆ ಸಮಾನ ಅನುಕೂಲ, ಇದು ನನ್ನನ್ನು ಕಾಡುತ್ತದೆ. ಕಲ್ಲು ಯಾರ ಕೈಮೇಲೆ ಬೀಳುತ್ತದೆ ಎಂಬುದು ಆಕಸ್ಮಿಕ ಇರಬಹುದು. ವರ್ಷಕ್ಕೆ ಎಷ್ಟು ಕೈ ಎಂಬುದು? ಅದರೊಳಗೆ ಕೈಗವಸು ಇದೆ, ತುಂಡಿನ ಲೆಕ್ಕದ ಕೂಲಿ ಇದೆ, ಕತ್ತಲಾದರೂ ನಿಲ್ಲದ ಕೆಲಸ ಇದೆ. ಸೂತ್ರವಂತೂ ಒಂದು ಅಪಘಾತಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ ಎಂದು ನಂಬಿ ನಡೆಯುತ್ತದೆ. ಕಾಕಾನ ಬೆರಳು ಹೋದ ಮರುದಿನವೂ ಅದೇ ಜಾಗದಲ್ಲಿ ಅದೇ ರೀತಿ ಕೆಲಸ ನಡೆಯಿತು; ಸಂಬಂಧವಿಲ್ಲ ಎನ್ನಲು ನನಗೆ ಧೈರ್ಯ ಸಾಲದು.

ಹಾಗಂತ ಸೂತ್ರವನ್ನು ಎಸೆಯಲಾರೆ. ಒಂದು ಖಣಿಯಲ್ಲಿ ಎರಡು ವರ್ಷ ಏನೂ ಆಗದಿದ್ದರೆ “ನಮ್ಮಲ್ಲಿ ಸುರಕ್ಷತೆ ಇದೆ” ಎನ್ನುವವರಿಗೆ ಉತ್ತರ ಅದರಲ್ಲೇ ಇದೆ: ಸರಾಸರಿ 0.61 ಇದ್ದರೂ ನೂರಕ್ಕೆ ಇಪ್ಪತ್ತೊಂಬತ್ತು ಸಲ ಎರಡು ವರ್ಷ ಸತತ ಸೊನ್ನೆ ಬಂದೀತು.

ಇಷ್ಟನ್ನೂ ಕಾಕಾಗೆ ಹೇಳಿದೆ. ಅರ್ಧ ಕೇಳಿ, ಪರದೆಯ ಮೇಲಿನ 0.61ರತ್ತ ಉಳಿದ ಬೆರಳು ತೋರಿಸಿದರು.

“ಇದನ್ನ ಯಾರ ಹಾಕ್ಯಾರ?”

“ನಾನೇ ಹಾಕೀನಿ.”

“ಮತ್ತ ಕಡಿಮಿ ಹಾಕು.”

0.2 ಎಂದು ಒತ್ತಿದೆ. ಪರದೆ ತುಂಬ ಸೊನ್ನೆ. ಆದರೂ ಅಲ್ಲಲ್ಲಿ ಒಂದು. ಕಾಕಾ ಆ ಒಂದುಗಳನ್ನು ಎಣಿಸತೊಡಗಿದರು.